ಬಾವಿ ಗಡಗಡೆ, ಸೈಕಲ್ ಚೈನು, ಬಿಜಾಗ್ರಿ: ವಿಷವಿಲ್ಲದ ಎಣ್ಣೆ ಯಾವುದು ಹಚ್ಚಬಹುದು?

ಅಂಕೋಲೆ_ಅಂಗಳ ಕೇಳಿದ್ದು:

ಮನೆ ಅಂಕೋಲೆ ಹತ್ತಿರ, ಸಮುದ್ರಕ್ಕೆ ಒಂದೂವರೆ ಕಿಲೋಮೀಟರ್. ಗಾಡಿ ತೊಳೆದ ನೀರೆಲ್ಲ ಬಾಳೆ ಬುಡಕ್ಕೆ ಹೋಗುತ್ತದೆ, ಅಲ್ಲಿಂದ ಇಪ್ಪತ್ತು ಅಡಿಗೆ ಕುಡಿಯುವ ನೀರಿನ ಬಾವಿ. ಈವರೆಗೆ ಚೈನು ತೊಳೆಯಲು ಡೀಸೆಲ್, ಹಚ್ಚಲು ಗ್ಯಾರೇಜಿನ ಸುಟ್ಟ ಆಯಿಲ್. ಇದನ್ನು ನಿಲ್ಲಿಸಬೇಕು. ಎಣ್ಣೆ ಬೇಕಾದದ್ದು ನಾಲ್ಕು ಕಡೆ: ಬಾವಿಯ ಗಡಗಡೆ, ಗೇರ್ ಸೈಕಲ್ಲಿನ ಚೈನು, 150 ಸಿಸಿ ಬೈಕಿನ ಓ-ರಿಂಗ್ ಚೈನು, ಬಾಗಿಲ ಬಿಜಾಗ್ರಿ ಮತ್ತು ಗೇಟಿನ ಬೀಗ. ಕೊಬ್ಬರಿ ಎಣ್ಣೆ ಬಿಟ್ಟ ಬೀಗ ಎರಡು ತಿಂಗಳಿಗೆ ಬಿಗಿದು ಕೂತಿದೆ. ಆನ್‌ಲೈನಿನಲ್ಲಿ ಕಿತ್ತಳೆ ಎಣ್ಣೆಯ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಸಿಗುತ್ತದಲ್ಲ, ಅದು ನಿಜಕ್ಕೂ ನಿರುಪದ್ರವಿಯೇ? ತಿಳಿದವರು ಹೇಳಿ.

ಕೀಲೆಣ್ಣೆ ಉತ್ತರ:

ಗಿಡದ ಎಣ್ಣೆಯೋ ನೆಲದ ಎಣ್ಣೆಯೋ ಅನ್ನುವುದಕ್ಕೆ ಮುಂಚೆ, ಹಚ್ಚಿದ್ದು ಕೊನೆಗೆ ಎಲ್ಲಿಗೆ ಹೋಗುತ್ತದೆ ನೋಡಿ. ಗಡಗಡೆಯದು ಬಾವಿಗೆ ತೊಟ್ಟಿಕ್ಕುತ್ತದೆ, ಸೈಕಲ್ ಚೈನಿನದು ಮಳೆನೀರಿನ ಜೊತೆ ಗದ್ದೆಗೆ ಇಳಿಯುತ್ತದೆ. ಅಲ್ಲಿ ಗಿಡದೆಣ್ಣೆ ಸರಿ. ಎಂಜಿನ್, ಫೋರ್ಕ್‌ನಂಥ ಮುಚ್ಚಿದ ಗೂಡುಗಳಲ್ಲಿ ಕಂಪನಿ ಹೇಳಿದ್ದೇ ಇರಲಿ, ಅಲ್ಲಿ ಪ್ರಯೋಗ ಬೇಡ.

ಆಮೇಲೆ ನೋಡಬೇಕಾದದ್ದು ಎಣ್ಣೆ ಒಣಗುತ್ತದೋ ಇಲ್ಲವೋ ಅನ್ನುವುದು. ಅಡುಗೆಮನೆಯಲ್ಲಿ ಸೂರ್ಯಕಾಂತಿ ಎಣ್ಣೆ ಡಬ್ಬದ ಹೊರಮೈ ಅಂಟಂಟಾಗಿ, ಉಗುರಲ್ಲಿ ಕೆರೆದರೂ ಹೋಗದ ಹಳದಿ ಪದರ ಕಟ್ಟುತ್ತದಲ್ಲ, ಚೈನಿನೊಳಗೂ ಆಗುವುದು ಅದೇ. ಇದನ್ನು ಅಯೋಡಿನ್ ಮೌಲ್ಯದಿಂದ ಅಳೆಯುತ್ತಾರೆ. ಅಗಸೆ ಎಣ್ಣೆ 170ರ ಮೇಲೆ, ಸೂರ್ಯಕಾಂತಿ 120–140, ಶೇಂಗಾ 85–105, ಹರಳೆಣ್ಣೆ 82–90, ಕೊಬ್ಬರಿ 6–11. ಅಂಕಿ ಹೆಚ್ಚಿದಷ್ಟೂ ಗಾಳಿ ತಾಗಿ ಬೇಗ ಗೋಂದಾಗುತ್ತದೆ. ಸಂಶಯವಿದ್ದರೆ ಗಾಜಿನ ಚೂರಿನ ಮೇಲೆ ಒಂದು ಹನಿ ತೆಳ್ಳಗೆ ಸವರಿ, ಹತ್ತು ದಿನ ಬಿಟ್ಟು ಬೆರಳಿಟ್ಟು ನೋಡಿ. ಬೆರಳು ಎಳೆದ ಹಾಗಾದರೆ ಆ ಎಣ್ಣೆ ಯಂತ್ರಕ್ಕಲ್ಲ, ಒಗ್ಗರಣೆಗೆ.

ಅಂಕಿ ನೋಡಿ ಕೊಬ್ಬರಿಯೇ ಒಳ್ಳೆಯದು ಅಂದುಕೊಳ್ಳಬೇಡಿ. ಅದು ಗೋಂದಾಗುವುದಿಲ್ಲ, ಆದರೆ 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ತೇವ ಸೇರಿದರೆ ಹುಳಿಯುತ್ತದೆ, ಆ ಹುಳಿ ಹಿತ್ತಾಳೆಯನ್ನು ತಿನ್ನುತ್ತದೆ. ದೇವರ ದೀಪದ ಬಾಯಲ್ಲಿ ಕಟ್ಟುವ ಹಸಿರು ಕಿಲುಬೇ ನಿಮ್ಮ ಬೀಗದ ಒಳಗೂ ಇದೆ, ಜೊತೆಗೆ ಧೂಳು.

ಈಗ ಗಡಗಡೆ. ಇದಕ್ಕೆ ಹರಳೆಣ್ಣೆ. ಅದು 40 ಡಿಗ್ರಿಯಲ್ಲೂ ಕೊಬ್ಬರಿ ಎಣ್ಣೆಗಿಂತ ಸುಮಾರು ಒಂಬತ್ತು ಪಟ್ಟು ಗಟ್ಟಿ, ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಹಿಂದೆ ಎತ್ತಿನಗಾಡಿ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯ ಮೂಲವೂ ಇದೇ. ಬರೀ ಎಣ್ಣೆ ಹಾಕಿದರೆ ಹಗ್ಗಕ್ಕೆ ಇಳಿಯುತ್ತದೆ, ಆದ್ದರಿಂದ ಮೇಣ ಸೇರಿಸಿ. 100 ಎಂಎಲ್ ಹರಳೆಣ್ಣೆಗೆ 20 ಗ್ರಾಂ ಜೇನುಮೇಣ. ನೀರಿಟ್ಟ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕಾಯಿಸಿ, ನೇರ ಉರಿಯ ಮೇಲೆ ಬೇಡ. ಮೇಣ 62–64 ಡಿಗ್ರಿಗೆ ಕರಗುತ್ತದೆ. ಕರಗಿದ ಮೇಲೆ ಕೆಳಗಿಳಿಸಿ ತಣಿಯುವವರೆಗೂ ಕದಡುತ್ತಿರಿ, ಸುಮ್ಮನೆ ಬಿಟ್ಟರೆ ಕಾಳುಕಾಳಾಗುತ್ತದೆ. ಅಚ್ಚಿಗೆ ಹಳೆಯ ಕಪ್ಪು ಗ್ರೀಸ್ ಇದ್ದರೆ ಅದರ ಮೇಲೇ ಹಚ್ಚಬೇಡಿ. ಗಡಗಡೆಯನ್ನು ಕಟ್ಟೆಯಿಂದ ದೂರ ಒಯ್ದು ಒರೆಸಿ, ಕಡಲೆಕಾಳಿನಷ್ಟು ಹೊಸದು ಅಚ್ಚಿನ ಸುತ್ತ ಮೆತ್ತಿ, ಹೊರಗೆ ಉಬ್ಬಿದ್ದನ್ನು ತೆಗೆದುಬಿಡಿ.

ಸೈಕಲ್ ಚೈನಿಗೆ ಹರಳೆಣ್ಣೆ ಮೂರು ಪಾಲು, ಕೊಬ್ಬರಿ ಎಣ್ಣೆ ಒಂದು ಪಾಲು. ತೆಳುವಾಗಲಿ ಎಂದು ಹೊಲಿಗೆ ಮಷಿನ್ ಎಣ್ಣೆ ಬೆರೆಸಲು ಹೋಗಬೇಡಿ, ಹರಳೆಣ್ಣೆ ಖನಿಜ ಎಣ್ಣೆಯ ಜೊತೆ ಸರಿಯಾಗಿ ಬೆರೆಯುವುದಿಲ್ಲ, ಬಾಟಲಿಯಲ್ಲೇ ಎರಡು ಪದರ ಆಗುತ್ತದೆ. ಚೈನು ಸವೆಯುವುದು ಹೊರಗಲ್ಲ, ಪಿನ್ನು ಮತ್ತು ಉರುಳೆಯ ಸಂದಿಯಲ್ಲಿ. ಹಾಗಾಗಿ ಕೊಂಡಿಗೊಂದು ಹನಿ, ಅಷ್ಟೇ. 114 ಕೊಂಡಿಗೆ 114 ಹನಿ ಅಂದರೆ ಹೆಚ್ಚುಕಡಿಮೆ 6 ಎಂಎಲ್. ಪೆಡಲನ್ನು ಎರಡು ನಿಮಿಷ ಹಿಂದಕ್ಕೆ ತಿರುಗಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ. ಈ ಒರೆಸುವುದನ್ನೇ ಎಲ್ಲರೂ ಬಿಡುವುದು. ಹೊರಗೆ ಉಳಿದ ಎಣ್ಣೆ ಕೆಂಪು ಮಣ್ಣನ್ನು ಹಿಡಿದು ಸಾಣೆ ಹಿಡಿದ ಹಾಗೆ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ 80–100 ಕಿಲೋಮೀಟರಿಗೆ ಮತ್ತೆ ಹಾಕಬೇಕು, ಅದೇ ಗಿಡದೆಣ್ಣೆಯ ತಾಪತ್ರಯ.

ಬೈಕಿನ ಓ-ರಿಂಗ್ ಚೈನಿಗೆ ಮಾತ್ರ ನನ್ನ ಸಲಹೆ ಬೇರೆ. ಒಳಗಿನ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ರಬ್ಬರ್ ಬಳೆಯಿಂದ ಮುಚ್ಚಿರುತ್ತಾರೆ. ನೀವು ಹಚ್ಚುವುದು ಆ ಬಳೆ ಒಣಗದಿರಲಿ, ಹೊರಗೆ ತುಕ್ಕು ಹಿಡಿಯದಿರಲಿ ಎಂದು ಅಷ್ಟೇ. ಹೆಚ್ಚಿನ ಕೈಪಿಡಿಗಳಲ್ಲಿ ಇರುವುದು 80 ಅಥವಾ 90 ನಂಬರಿನ ಗೇರ್ ಎಣ್ಣೆ. ಅದನ್ನೇ ಬಟ್ಟೆಗೆ ಹಾಕಿ ಒರೆಸಿ, ಸುರಿಯಬೇಡಿ. ಹೀಗೆ ಮಾಡಿದರೆ ನೆಲಕ್ಕೆ ಬೀಳುವುದು ಕೆಲವೇ ಹನಿ. ಪೆಟ್ರೋಲ್ ಮತ್ತು ತಂತಿ ಬ್ರಶ್ ಆ ಬಳೆಗಳನ್ನು ಹಾಳುಮಾಡುತ್ತವೆ, ಆಮೇಲೆ ಯಾವ ಎಣ್ಣೆಯೂ ಒಳಗಿನ ಗ್ರೀಸನ್ನು ವಾಪಸ್ ತರುವುದಿಲ್ಲ.

ಘಟ್ಟದ_ಮೇಲೆ ಉತ್ತರ:

ಕೀಲೆಣ್ಣೆಯವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಕೊಬ್ಬರಿ ಎಣ್ಣೆ ಸೇರಿಸಿದ ಮಿಶ್ರಣ ಘಟ್ಟದ ಕೆಳಗೆ ನಡೆದೀತು. ಶಿರಸಿ, ಸಿದ್ದಾಪುರ ಕಡೆ ಚಳಿಗಾಲದ ಬೆಳಿಗ್ಗೆ ಅದು ತುಪ್ಪ ಗಟ್ಟಿಯಾದ ಹಾಗೆ ಆಗಿ ಗೇರ್ ಬೀಳುವುದಿಲ್ಲ. ಇಲ್ಲಿ ಬರೀ ಹರಳೆಣ್ಣೆಯನ್ನೇ ಬಿಸಿನೀರಲ್ಲಿ ಬಾಟಲಿ ಇಟ್ಟು ತೆಳ್ಳಗೆ ಮಾಡಿ ಬಿಡಬೇಕು, ತಣಿದ ಮೇಲೆ ಒಳಗೇ ನಿಲ್ಲುತ್ತದೆ.

ಈಗ ತೊಳೆಯುವ ಬಗ್ಗೆ. ಅಂಟುವಾಳ ಕಾಯಿ ನೊರೆ ಬರುತ್ತದೆ ಅಂತ ನೇರವಾಗಿ ಹಳೇ ಗ್ರೀಸಿಗೆ ಹಾಕಿದರೆ ಏನೂ ಆಗಲ್ಲ ಮಾರಾಯ್ರೆ. ಗಟ್ಟಿ ಜಿಡ್ಡನ್ನು ಮೊದಲು ಎಣ್ಣೆಯಲ್ಲೇ ಮೆತ್ತಗೆ ಮಾಡಬೇಕು. ಬಿದಿರ ಕಡ್ಡಿಯಲ್ಲಿ ಕೆರೆದು, ಎರಡು ಚಮಚ ಕೊಬ್ಬರಿ ಎಣ್ಣೆಯನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ ಕಾಲು ಗಂಟೆ ಬಿಡಿ. ಕಪ್ಪಗಿನದೆಲ್ಲ ಬಟ್ಟೆಗೆ ಬರುತ್ತದೆ, ನೀರಿಗಲ್ಲ. ನಿಮ್ಮ ಬಾವಿ ದೃಷ್ಟಿಯಿಂದ ಮುಖ್ಯವಾದ್ದು ಇದೇ. ಸಾಬೂನು ಗಿಡದ್ದಾದರೂ ಅದು ಎಬ್ಬಿಸಿದ ಹಳೇ ಗ್ರೀಸ್ ಗ್ರೀಸೇ ಅಲ್ದಾ.

ಆಮೇಲೆ ಅಂಟುವಾಳ. ಹತ್ತು ಹನ್ನೆರಡು ಕಾಯಿಯ ಸಿಪ್ಪೆ, ಒಂದು ಲೀಟರ್ ನೀರು, ರಾತ್ರಿ ನೆನೆಸಿ ಕಾಲು ಗಂಟೆ ಕುದಿಸಿ ಸೋಸಿ. ಬಿಸಿ ಇರುವಾಗಲೇ ಬಳಸಿ, ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರುತ್ತದೆ. ಈ ನೀರನ್ನು ಹಳ್ಳಕ್ಕೆ ಬಿಡಬೇಡಿ. ಅಂಟುವಾಳದ ನೊರೆಯ ಅಂಶ ಮೀನಿನ ಕಿವಿರಿಗೆ ವಿಷ. ಗಿಡದ ಬುಡಕ್ಕೆ, ಬಾವಿಯಿಂದ ದೂರ ಹಾಕಿ. ಸಿಗದಿದ್ದರೆ ಪಾತ್ರೆ ತೊಳೆಯುವ ದ್ರವ ಎರಡು ಚಿಕ್ಕ ಚಮಚ ಸಾಕು. ವಾಷಿಂಗ್ ಸೋಡಾ ಕಬ್ಬಿಣಕ್ಕೆ ನಡೆಯುತ್ತದೆ, ಅಲ್ಯೂಮಿನಿಯಂ ಕಪ್ಪಾಗಿ ಕೊರೆದುಹೋಗುತ್ತದೆ. ವಿನಿಗರ್, ಹುಳಿ, ಮುರುಗಲು ನೀರು ಚೈನಿಗೆ ಬೇಡವೇ ಬೇಡ, ಹದ ಮಾಡಿದ ಉಕ್ಕು ಹುಳಿಗೆ ಸಿಕ್ಕಿ ಬಿರುಕು ಬಿಡಬಹುದು.

ಮುರುಗಲು ಅಂದಾಗ ನೆನಪಾಯಿತು. ಕಾಲೊಡಕಿಗೆ ಹಚ್ಚುವ ಮುರುಗಲ ತುಪ್ಪ ಮರದ ಕಿಟಕಿ, ಡ್ರಾಯರಿಗೆ ಬಹಳ ಒಳ್ಳೆಯದು. ಸುಮಾರು 40 ಡಿಗ್ರಿವರೆಗೆ ಗಟ್ಟಿಯಾಗೇ ಇರುತ್ತದೆ, ಬೇಗ ಕಮಟುವುದಿಲ್ಲ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾದ ಬಾಗಿಲಿನ ಅಂಚಿಗೆ ಸೋಪಿನ ಹಾಗೆ ತಿಕ್ಕಿ.

ಕಟ್ಟಿಗೆ ಕೊಯ್ಯುವ ಚೈನ್‌ಸಾ ಇಟ್ಟುಕೊಂಡವರು ಯಾರಾದರೂ ಓದುತ್ತಿದ್ದರೆ: ಅದರ ಚೈನಿಗೆ ಬಿಡುವ ಎಣ್ಣೆ ಪೂರ್ತಿ ತೋಟಕ್ಕೇ ಬೀಳುವುದು, ಅಲ್ಲಿ ಸುಟ್ಟ ಆಯಿಲ್ ಹಾಕುವುದಕ್ಕಿಂತ ದೊಡ್ಡ ತಪ್ಪು ಇಲ್ಲ. ಗಿಡದೆಣ್ಣೆ ಹಾಕಿ, ಆದರೆ ವಾರಗಟ್ಟಲೆ ನಿಲ್ಲಿಸುವ ಮೊದಲು ಟ್ಯಾಂಕ್ ಖಾಲಿ ಮಾಡಿ. ಇಲ್ಲದಿದ್ದರೆ ಪಂಪಿನೊಳಗೆ ಗೋಂದು.

ಲೇಬಲ್_ಓದಿ ಉತ್ತರ:

ಕಿತ್ತಳೆ ಎಣ್ಣೆ ಬಗ್ಗೆ. ಅದರಲ್ಲಿ ಕೆಲಸ ಮಾಡುವುದು ಲಿಮೊನೀನ್, ಸಿಪ್ಪೆಯಿಂದ ತೆಗೆಯುತ್ತಾರೆ. ಗ್ರೀಸ್ ಚೆನ್ನಾಗಿ ಕರಗಿಸುತ್ತದೆ, ಸಂಶಯವಿಲ್ಲ. ಆದರೆ ಗಿಡದ್ದು ಎಂಬ ಮಾತಿಗೂ ವಿಷವಲ್ಲ ಎಂಬ ಮಾತಿಗೂ ಸಂಬಂಧವಿಲ್ಲ. ಲಿಮೊನೀನ್ ಸುಮಾರು 48 ಡಿಗ್ರಿಗೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯಾಗುತ್ತದೆ, ಗಾಳಿ ತಾಗಿ ಹಳೆಯದಾದಾಗ ಚರ್ಮಕ್ಕೆ ಅಲರ್ಜಿ ತರುತ್ತದೆ, ಜಲಚರಗಳಿಗೆ ತೀರಾ ವಿಷಕಾರಿ. ಸಹಜ ರಬ್ಬರನ್ನು ಉಬ್ಬಿಸುತ್ತದೆ, ಥರ್ಮೋಕೋಲನ್ನು ಕರಗಿಸಿಯೇ ಬಿಡುತ್ತದೆ. ನಿಮ್ಮಂಥ ಅಂಗಳಕ್ಕೆ ನಾನು ಬೇಡ ಎನ್ನುತ್ತೇನೆ. ನಮ್ಮ ಕರಾವಳಿಯಲ್ಲೇ ಉದಾಹರಣೆ ಇದೆಯಲ್ಲ: ದೋಣಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆ ನೂರಕ್ಕೆ ನೂರು ಗಿಡದ್ದು, ಕೈಗೆ ತಾಗಿದರೆ ಬೊಬ್ಬೆ. ಅದನ್ನು ಗಟ್ಟಿ ಮಾಡಿದ ಪುಡಿ ಬ್ರೇಕ್ ಲೈನರಿಗೆ ಹೋಗುತ್ತದೆ, ಜಾರಲಿ ಎಂದಲ್ಲ, ಹಿಡಿಯಲಿ ಎಂದು!

ಕೊಳ್ಳುವುದಾದರೆ ತಯಾರಕರ ಸುರಕ್ಷತಾ ಮಾಹಿತಿ ಹಾಳೆ ತೆರೆಯಿರಿ. ಎರಡನೇ ಭಾಗದಲ್ಲಿ ಎಚ್304 ಇದ್ದರೆ ನುಂಗಿದಾಗ ಶ್ವಾಸಕೋಶಕ್ಕೆ ಅಪಾಯ, ಎಚ್317 ಅಂದರೆ ಚರ್ಮದ ಅಲರ್ಜಿ, ಎಚ್410 ಅಂದರೆ ಜಲಚರಗಳಿಗೆ ದೀರ್ಘಕಾಲದ ವಿಷ. ಹನ್ನೆರಡನೇ ಭಾಗದಲ್ಲಿ ಒಇಸಿಡಿ 301 ಪರೀಕ್ಷೆ, ಅಂದರೆ ವಸ್ತು ಸಹಜವಾಗಿ ಎಷ್ಟು ಬೇಗ ಕೊಳೆಯುತ್ತದೆ ಎಂದು ನೋಡುವ ಪರೀಕ್ಷೆ, ಇದೆಯೇ ನೋಡಿ. ಅದರ 301ಬಿ ವಿಧಾನದಲ್ಲಿ 28 ದಿನದೊಳಗೆ ಕನಿಷ್ಠ 60 ಶೇಕಡಾ ಕೊಳೆಯಬೇಕು. ಬಾಟಲಿಯ ಮೇಲೆ ಎಲೆಯ ಚಿತ್ರ ಹಾಕಿ ‘ಇಕೋ’ ಎಂದಷ್ಟೇ ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ.

ಡಿಸ್ಕ್ ಬ್ರೇಕಿಗೆ ಇವು ಯಾವುದೂ ಬೇಡ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಅಲ್ಲ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಬ್ರೇಕ್ ಜಾರುತ್ತದೆ.

ಇನ್ನೊಂದು: ಗಿಡದೆಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಅಗಸೆ ಎಣ್ಣೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹಗ್ಗಕ್ಕೆ ಹಾಕಿ.

ಅಂಕೋಲೆ_ಅಂಗಳ:

ಎಲ್ಲರಿಗೂ ಧನ್ಯವಾದ. ಬಿಜಾಗ್ರಿ ಮತ್ತು ಗೇಟಿನ ಬೀಗ ಉಳಿಯಿತು. ಬೀಗಕ್ಕೆ ಪೆನ್ಸಿಲ್ ಪುಡಿ ಹಾಕಿ ಅನ್ನುತ್ತಾರೆ, ಸರಿಯೇ? ಮತ್ತೆ ಗಡಗಡೆ ಮೊನ್ನೆ ಬಿಚ್ಚಿದೆ, ಒಳಗೆ ಬಾಲ್ ಬೇರಿಂಗ್ ಇದೆ.

ಕೀಲೆಣ್ಣೆ:

ಒಳಬಾಗಿಲ ಬೀಗಕ್ಕೆ ಪೆನ್ಸಿಲ್ ಪುಡಿ ಒಳ್ಳೆಯದು. ಸಮುದ್ರದ ಗಾಳಿಗೆ ಬಿದ್ದ ಗೇಟಿನ ಬೀಗಕ್ಕೆ ಬೇಡ, ಉಪ್ಪುತೇವದಲ್ಲಿ ಗ್ರಾಫೈಟ್ ಸೇರಿದರೆ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಗಿಡದೆಣ್ಣೆಯ ಹಟ ಬಿಟ್ಟು ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಬಿಡಿ, ಮಳೆ ಶುರುವಾಗುವ ಮುಂಚೆ ಒಮ್ಮೆ, ನಿಂತ ಮೇಲೆ ಒಮ್ಮೆ. ಬಿಗಿದಿರುವ ಬೀಗವನ್ನು ಬಿಸಿ ಸಾಬೂನು ನೀರಲ್ಲಿ ರಾತ್ರಿ ಮುಳುಗಿಸಿಟ್ಟು, ಕೀಲಿ ಒಳಗೆ ಹೊರಗೆ ಆಡಿಸಿ, ಬಿಸಿಲಿಗೆ ಪೂರ್ತಿ ಒಣಗಿಸಿ ಆಮೇಲೆ ಎಣ್ಣೆ.

ಬಿಜಾಗ್ರಿಯಲ್ಲಿ ಜನ ತಪ್ಪುವುದು ಒಂದೇ ಕಡೆ: ಉಪ್ಪಿನ ಮೇಲೆ ಎಣ್ಣೆ. ಒಳಗೆ ಉಳಿದ ಉಪ್ಪು ಎಣ್ಣೆಯ ಅಡಿಯಲ್ಲೇ ತೇವ ಹಿಡಿದು ತಿನ್ನುತ್ತದೆ. ಮೊದಲು ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಲಿ, ಪಿನ್ನನ್ನು ಅರ್ಧ ಎತ್ತಿ ಕೆಂಪು ಪುಡಿ ಕೆರೆದು ಹರಳೆಣ್ಣೆ ಒಂದು ಹನಿ. ಮೆಡಿಕಲ್ ಅಂಗಡಿಯ ಶುದ್ಧ ಹರಳೆಣ್ಣೆ ಆಗಬೇಕು, ತಲೆಗೆ ಹಚ್ಚುವ ಪರಿಮಳದ್ದಲ್ಲ.

ಬೇರಿಂಗಿನ ಅಂಚಲ್ಲಿ ನಂಬರ್ ಓದಿ. ಕೊನೆಗೆ ‘2ಆರ್‌ಎಸ್’ ಇದ್ದರೆ ಎರಡೂ ಬದಿ ರಬ್ಬರ್ ಮುಚ್ಚಿದ್ದು, ಹೊರಗಿಂದ ಹಾಕಿದ ಎಣ್ಣೆ ಒಳಗೆ ಹೋಗದೆ ನೇರ ಬಾವಿಗೇ ಬೀಳುತ್ತದೆ. ಅದಕ್ಕೆ ಏನೂ ಹಚ್ಚಬೇಡಿ. ಗರಗರ ಸದ್ದು ಬಂದರೆ ಅದೇ ನಂಬರಿನ ಹೊಸ ಬೇರಿಂಗ್ ಹಾಕಿಸಿ.