ಶುಂಠಿ ತೆಗೆದ ಇಳಿಜಾರು, ಪಿಎಚ್ 4.8: ಕಾಫಿ ಹಾಕಿದವರು ಅನುಭವ ಹೇಳಿ

ಸಕಲೇಶಪುರ: ಎರಡು ಎಕರೆ ಗುಡ್ಡ, ಶುಂಠಿಗೆ ಗೇಣಿ ಕೊಟ್ಟಿದ್ದೆವು. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 4.8 ಬಂದಿದೆ, ಅಂದರೆ ಮಣ್ಣು ತುಂಬಾ ಹುಳಿ. ರೊಬಸ್ಟಾ ಕಾಫಿ ಹಾಕುವ ಯೋಚನೆ. ಹುಳಿ ಇಳಿಸುವ ಸುಣ್ಣ ಮೊದಲೋ, ಮಳೆನೀರು, ಮಣ್ಣು ತಡೆಯುವ ತೊಟ್ಟಿಲು ಗುಂಡಿ ಮೊದಲೋ?

ಮೂಡಿಗೆರೆ: ನೀರು ನಿಂತರೆ ಶುಂಠಿಗೆ ಕೊಳೆ ರೋಗ ಬರುತ್ತೆ ಅಂತ ನಮ್ಮ ಗೇಣಿದಾರ ಪಟ್ಟೆಗಳನ್ನೆಲ್ಲ (ಏರುಮಡಿ) ಮೇಲಿಂದ ಕೆಳಕ್ಕೆ ಎಳೆಸಿದ್ದ. ಒಂದೇ ಮಳೆಗಾಲಕ್ಕೆ ಕಪ್ಪು ಮಣ್ಣು ಹಳ್ಳ ಸೇರಿತು, ಉಳಿದಿದ್ದು ಕೆಂಪು ಜಂಬಿಟ್ಟಿಗೆ. ಸುಣ್ಣಕ್ಕೆ ಡೊಲೊಮೈಟ್ ಪುಡಿ 40 ಚೀಲ, ₹280ರಂತೆ ₹11,200. ಲಾರಿ ₹4,500. ಗುಡ್ಡ ಹತ್ತಿಸಿದ ಕೂಲಿ ₹6,000. ಗುತ್ತಿಗೆಯವರು ಮಣ್ಣಿಗೆ ಸೇರಿಸದೆ ಮೇಲೆ ಎರಚಿ ಹೋದರು, ಮೊದಲ ಜಡಿಮಳೆಗೆ ಬಿಳಿ ನೀರಾಗಿ ಹರಿದುಹೋಯಿತು. ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿ ಹೊಡೆಸಿದ ಮೇಲೇ ಸುಣ್ಣ ನಿಂತದ್ದು.

ಶಿರಸಿ: ಮರ ಕಡಿದು ಗುಡ್ಡವನ್ನು ಶುಂಠಿಗೆ ಕೊಡುವುದೇ ಅನ್ಯಾಯ. ಮರವಿದ್ದರೆ ಆಳದ ಬೇರು ಸುಣ್ಣದಂಶ ಎತ್ತಿ ಎಲೆಯಲ್ಲಿ ವಾಪಸ್ ಕೊಡುತ್ತೆ, ದರಕು (ಉದುರಿದ ಒಣ ಎಲೆ) ಮಳೆ ಹನಿಯ ಪೆಟ್ಟು ತಡೆಯುತ್ತೆ. ನಮ್ಮ ಹಿರಿಯರು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು, ದರಕು ತರುವ ಕಾಡು) ಇಟ್ಟುಕೊಂಡಿದ್ದು ಸುಮ್ಮನೆ ಅಲ್ಲ.

ಮೂಡಿಗೆರೆ: ನಮ್ಮ ಬ್ಯಾಂಕ್ ಸಾಲ ತೀರಿಸಿದ್ದು ಆ ಶುಂಠಿ ಗೇಣಿಯೇ, ಅನ್ಯಾಯ ಅನ್ನಬೇಡಿ. ವರ್ಷ ವರ್ಷ ಸೊಪ್ಪು ಕಡಿದು, ದರಕು ಗುಡಿಸಿ ತೋಟಕ್ಕೆ ಹೊರುತ್ತೀರಲ್ಲ, ಬೆಟ್ಟಕ್ಕೆ ಏನು ಉಳಿಸಿದ್ದೀರಿ?

ತೀರ್ಥಹಳ್ಳಿ: ಸುಣ್ಣದ ಮಾತಷ್ಟೇ ಆಯಿತು, ರಂಜಕ (ಫಾಸ್ಫರಸ್) ಯಾರೂ ಹೇಳಲಿಲ್ಲ. ಪಿಎಚ್ 5.5ಕ್ಕಿಂತ ಇಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತೆ. ಗುಡ್ಡದ ಅಡಿಕೆಗೆ ರಂಜಕಕ್ಕೆಂದು ₹1,350ರ ಡಿಎಪಿ ಗೊಬ್ಬರ ಚೀಲದ ಮೇಲೆ ಚೀಲ ಸುರಿದೆವು. ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಂಡವು, ಹಿಂಗಾರ (ಅಡಿಕೆ ಹೂಗೊಂಚಲು) ಬಡಕಲಾಗಿಯೇ ಬಂತು. ಗುಡ್ಡದಿಂದ ತೊಳೆದ ಸಾರವೆಲ್ಲ ಇಳಿಯುವ ಗದ್ದೆ ಬಯಲಿನ ತೋಟಕ್ಕೆ ಅರ್ಧ ಗೊಬ್ಬರ ಸಾಕಾಗುತ್ತೆ. ಈಗ ಗುಡ್ಡಕ್ಕೆ ರಾಕ್ ಫಾಸ್ಫೇಟ್ (ರಂಜಕದ ಕಲ್ಲಿನ ಪುಡಿ) ಹಾಕುತ್ತೇವೆ. ಸುಣ್ಣದ ಜೊತೆಗೇ ಹಾಕಿ, ಕೂಲಿ ಉಳಿಯುತ್ತೆ.

ಕೊಪ್ಪ: ಸಕಲೇಶಪುರದವರ ದಾರಿ ತಪ್ಪಿಸಬೇಡಿ! ರಾಕ್ ಫಾಸ್ಫೇಟ್ ಕರಗಲು ಹುಳಿಯೇ ಬೇಕು. ಸುಣ್ಣದ ಜೊತೆ ಬಿದ್ದರೆ ಕಲ್ಲಿನ ಹಾಗೆ ಕೂರುತ್ತೆ. ಯೂರಿಯಾವೂ ಅಷ್ಟೇ, ಸುಣ್ಣದ ಜೊತೆ ಹಾಕಿದರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ವಾರಗಟ್ಟಲೆ ಅಂತರ ಬೇಕು.

ತೀರ್ಥಹಳ್ಳಿ: ನಮ್ಮ ತೋಟ ಬಂದು ನೋಡಿ, ಆಮೇಲೆ ಮಾತಾಡಿ.

ಶಿರಸಿ: ಮೂಡಿಗೆರೆಯವರೇ, ನಮ್ಮ ಬೆಟ್ಟದಲ್ಲಿ ಸರದಿ ಪ್ರಕಾರವೇ ಸೊಪ್ಪು ಕಡಿಯುತ್ತೇವೆ. ನಿಮ್ಮ ಎಸ್ಟೇಟಿನಲ್ಲಿ ಕಾಡುಮರ ತೆಗೆದು ಬರೀ ಸಿಲ್ವರ್ ಓಕ್ ಮರ ನೆಟ್ಟಿದ್ದಕ್ಕೆ ಮೊದಲು ಉತ್ತರ ಕೊಡಿ.

ಮೂಡಿಗೆರೆ: ಸಿಲ್ವರ್ ಇರುವುದು ಮೆಣಸು ಹಬ್ಬಿಸಲು. ಮೆಣಸಿನ ಲೆಕ್ಕ ಬೇಕಾದರೆ ಅದನ್ನೂ ಬರೆಯುತ್ತೇನೆ.

ಸಕಲೇಶಪುರ: ಹಾಗಾದರೆ ಗುಂಡಿ ಮೊದಲು ಅಂತಾಯಿತು. ತೊಟ್ಟಿಲು ಗುಂಡಿಗೆ ಈಗ ಒಂದಕ್ಕೆ ಎಷ್ಟು ಕೂಲಿ ಕೊಡುತ್ತಿದ್ದೀರಿ?