ಒಳರಸ್ತೆಯಲ್ಲಿ ಗಾಡಿಗಳ ವೇಗ, ಸದ್ದು: ನಿಮ್ಮ ಕಡೆ ಯಾವುದು ಕೆಲಸ ಮಾಡಿತು?

ಪ್ರಶ್ನೆ: ಬೆಂಗಳೂರಿನ ಹಳೇ ಬಡಾವಣೆ, ನಮ್ಮದು 30 ಅಡಿ ರಸ್ತೆ. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ಬೆಳಗ್ಗೆ, ಸಂಜೆ ಎಲ್ಲರೂ ಇಲ್ಲೇ ನುಗ್ಗುತ್ತಾರೆ. ರಾತ್ರಿ ನೀರಿನ ಟ್ಯಾಂಕರ್, ಸೈಲೆನ್ಸರ್ ಬದಲಾಯಿಸಿದ ಬೈಕುಗಳು. ಮಕ್ಕಳನ್ನು ಹೊರಗೆ ಬಿಡಲು ಭಯ. ಹಂಪ್ ಹಾಕಿಸೋಣ ಅಂತಿದ್ದೇವೆ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ: ಹಂಪ್ ಯಾರ ಮನೆ ಮುಂದೆ ಬರುತ್ತದೆ ಅಂತ ಮೊದಲು ಯೋಚಿಸಿ. ಅಲ್ಲಿ ಪ್ರತಿ ಗಾಡಿಯೂ ಬ್ರೇಕ್ ಹಾಕುತ್ತದೆ, ದಾಟಿದ ಕೂಡಲೇ ಗುರ್ ಅಂತ ಏರಿಸುತ್ತದೆ. ಖಾಲಿ ಲಾರಿಯಾದರೆ ಇಡೀ ಬಾಡಿ ಧಡಾರ್ ಅನ್ನುತ್ತದೆ. ನಮ್ಮ ಪಕ್ಕದ ಅಡ್ಡರಸ್ತೆಯಲ್ಲಿ ಯಾರೋ ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಒಂದು ಹಂಪ್ ಮಾಡಿದರು. ವೇಗವೇನೋ ತಗ್ಗಿತು. ಆದರೆ ಎದುರು ಮನೆಯ ಅಜ್ಜಿಗೆ ನಿದ್ದೆ ಇಲ್ಲದಂತಾಯಿತು. ಮಳೆಯಲ್ಲಿ ಸ್ಕೂಟರಿನವರು ಬೀಳತೊಡಗಿದರು. ಕೊನೆಗೆ ಒಡೆಸಿದರು.

ಹಂಪ್‌ಗೂ ಅಳತೆ ಇದೆ. ರಸ್ತೆಗಳಿಗೆ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವುದು ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಸುಮಾರು 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವಂತಿರಬೇಕು. ಮೇಲೆ ಬಣ್ಣದ ಪಟ್ಟಿ, ಸ್ವಲ್ಪ ದೂರದಲ್ಲೇ ಎಚ್ಚರಿಕೆಯ ಬೋರ್ಡು ಬೇಕು. ಹಾಕಿಸಲೇಬೇಕು ಅಂದರೆ ಈ ಅಳತೆಯನ್ನೇ ಅರ್ಜಿಯಲ್ಲಿ ಬರೆಯಿರಿ. ಸಾಲಾಗಿ ಸಣ್ಣ ಸಣ್ಣ ಉಬ್ಬುಪಟ್ಟಿ ಹಾಕುತ್ತೇವೆ ಅಂದರೆ ಮಾತ್ರ ಬೇಡ ಅನ್ನಿ. ಮನೆಗಳ ನಡುವೆ ಅದರ ಸದ್ದು ತಡೆಯಲಾಗದು.

ನಮ್ಮ ಬೀದಿಯಲ್ಲಿ ಕೆಲಸ ಮಾಡಿದ್ದು ಬೇರೆ. ಯಾವ ಹೊತ್ತಿಗೆ, ಯಾವ ಕಡೆಯಿಂದ, ಎಂಥ ಗಾಡಿ ಬರುತ್ತದೆ ಅಂತ ಬರೆದಿಟ್ಟೆವು. ಮಹಡಿಯಿಂದ ವಿಡಿಯೊ ತೆಗೆದೆವು. ಅದನ್ನೆಲ್ಲ ಸೇರಿಸಿ ಟ್ರಾಫಿಕ್ ಠಾಣೆಗೂ ಪಾಲಿಕೆ ಇಂಜಿನಿಯರಿಗೂ ಅರ್ಜಿ ಕೊಟ್ಟೆವು. ರಸ್ತೆ ಪಾಲಿಕೆಯದು, ಸಂಚಾರ ಪೊಲೀಸರದು. ಒಂದೇ ಕಡೆ ಕೊಟ್ಟರೆ ಇನ್ನೊಂದು ಕಡೆ ಕೈ ತೋರಿಸುತ್ತಾರೆ. ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ನಾವು ಕೇಳಿದ್ದು ಇಷ್ಟೇ: ಜಾಸ್ತಿ ನುಗ್ಗುವ ಹೊತ್ತಿನಲ್ಲಿ ಮುಖ್ಯರಸ್ತೆಯಿಂದ ಒಳಗೆ ತಿರುಗಲು ಬಿಡಬೇಡಿ. ಮೊದಲು ಬ್ಯಾರಿಕೇಡ್ ಬಂತು, ಆಮೇಲೆ ಒನ್ ವೇ ಆಯಿತು. ಶಾರ್ಟ್‌ಕಟ್ಟೇ ಇಲ್ಲದ ಮೇಲೆ ಯಾರು ಬರುತ್ತಾರೆ? ಸುತ್ತಿಕೊಂಡು ಮನೆಗೆ ಬರಬೇಕಲ್ಲ ಅಂತ ನಮ್ಮವರೇ ಕೆಲವರು ಸಿಟ್ಟಾದರು. ಅವರನ್ನು ಮೊದಲೇ ಒಪ್ಪಿಸಿ. ಪಕ್ಕದ ಬೀದಿಯವರನ್ನೂ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಅದೇ ಗಾಡಿಗಳು ಅವರ ಮಕ್ಕಳ ಮುಂದೆ ಓಡುತ್ತವೆ. ಅದು ನ್ಯಾಯವಲ್ಲ.

ಉತ್ತರ: ನಾನು ಮೈಸೂರಿನವಳು. ರಾತ್ರಿ ಸದ್ದಿನ ಬಗ್ಗೆ ಹೇಳುತ್ತೇನೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಜಾಗದಲ್ಲಿ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತುರ್ತು ಇಲ್ಲದೆ ಹಾರ್ನ್ ಹೊಡೆಯುವಂತೆಯೇ ಇಲ್ಲ. ದೂರಿನಲ್ಲಿ ಈ ನಿಯಮದ ಹೆಸರು ಬರೆಯಿರಿ, ಜೊತೆಗೆ ಬೈಕ್ ನಂಬರು, ಹೊತ್ತು. ನಮ್ಮಲ್ಲಿ ಬೈಕ್ ಹಾರಿಸುತ್ತಿದ್ದವರು ಬಡಾವಣೆಯದೇ ಹುಡುಗರು, ಕೆಲವರಿಗೆ 18 ಕೂಡ ಆಗಿರಲಿಲ್ಲ. ಹಿರಿಯರು ಒಂದಿಬ್ಬರು ಅವರ ಮನೆಗಳಿಗೆ ಹೋಗಿ ಮಾತಾಡಿದರು. ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ತಂದೆ ತಾಯಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದದ್ದು. ಇದು ಎಷ್ಟೋ ಅಪ್ಪಂದಿರಿಗೆ ಗೊತ್ತೇ ಇರಲಿಲ್ಲ. ಬೀಗದ ಕೈ ಒಳಗೆ ಹೋಯಿತು.

ಉತ್ತರ: ಟ್ಯಾಂಕರ್ ತರಿಸುವವರು ನಮ್ಮ ಅಪಾರ್ಟ್‌ಮೆಂಟಿನವರೇ ಅಲ್ವಾ? ನೀರು ಕೊಡುವವರಿಗೆ ಎಲ್ಲರೂ ಸೇರಿ ಹೇಳಿ. ರಾತ್ರಿ 10ರ ಮೇಲೆ ಬೇಡ, ಗೇಟಿನ ಮುಂದೆ ಹಾರ್ನ್ ಬೇಡ, ವಾಚ್‌ಮನ್‌ಗೆ ಫೋನ್ ಮಾಡಿ. ನಮ್ಮ ಬೀದಿಯಲ್ಲಿ ಒಬ್ಬೊಬ್ಬರೇ ಹೇಳಿದಾಗ ಕೇಳಲಿಲ್ಲ. ಎಲ್ಲ ಅಪಾರ್ಟ್‌ಮೆಂಟಿನವರೂ ಒಟ್ಟಿಗೆ ಹೇಳಿದ ಮೇಲೆ ಕೇಳಿದರು.