ದೊಡ್ಡ ಸರ್ಕಾರಿ ಕಾಮಗಾರಿಯಲ್ಲಿ ದುಡಿಯುವವರೇ, ನಿಮ್ಮ ಕೆಲಸವನ್ನು ಯಾರಾದರೂ ಗುರುತಿಸಿದ್ದುಂಟೇ?

ಪ್ರಶ್ನೆ, ಹೊಸದುರ್ಗ ತಾಲ್ಲೂಕಿನಿಂದ:

ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆ ಕೆಲಸದಲ್ಲಿ ಕಬ್ಬಿಣ ಕಟ್ಟುವವನು ನಾನು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳಿಗೆ ನೀರು, 2.25 ಲಕ್ಷ ಹೆಕ್ಟೇರಿಗೆ ಸೂಕ್ಷ್ಮ ನೀರಾವರಿ ಎಂದು ಪತ್ರಿಕೆಯಲ್ಲಿ ಓದುವಾಗ ಹೆಮ್ಮೆಯಾಗುತ್ತದೆ. ಆದರೆ ದೊಡ್ಡವರು ನೋಡಲು ಬಂದ ದಿನ ‘ಸ್ವಲ್ಪ ಆ ಕಡೆ ಸರಿಯಿರಿ, ಫೋಟೊದಲ್ಲಿ ಬರುತ್ತೀರಿ’ ಎಂದರು. ಮನೆಗೆ ಹೋದರೆ ಮಾವ ‘ಕಾಯಂ ಕೆಲಸ ಯಾವಾಗ?’ ಎನ್ನುತ್ತಾರೆ. ಕೂಲಿ ಸರಿಯಾಗಿಯೇ ಬರುತ್ತಿದೆ, ನನ್ನ ಕೊರಗು ಅದಲ್ಲ. ಇಂಥ ಕೆಲಸ ಮಾಡಿದವರು ಇದನ್ನು ಹೇಗೆ ನಿಭಾಯಿಸಿದಿರಿ?

ಹಿರಿಯೂರು, ಕೆಲಸ ಬಿಟ್ಟಿರುವ ಸೆಂಟ್ರಿಂಗ್ ಮೇಸ್ತ್ರಿ:

ತಮ್ಮಾ, ನಮ್ಮ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರದ ಕಟ್ಟೆ ಕೆಲಸ ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಜಿಲ್ಲೆಗೆ ಜಿಲ್ಲೆಯೇ ನೋಡಲು ಬಂತು. ಕಟ್ಟೆ ಕಟ್ಟಿಸಿದ ಮಹಾರಾಣಿಯವರ ಹೆಸರು ಎಲ್ಲರ ಬಾಯಲ್ಲಿತ್ತು. ಕಲ್ಲು ಹೊತ್ತವರು ಯಾರು ಎಂದು ಒಬ್ಬರೂ ಕೇಳಲಿಲ್ಲ, ಕೇಳಿದ್ದರೂ ಹೇಳುವವರು ಇರಲಿಲ್ಲ. ಆ ಬಗೆಯ ಮನ್ನಣೆಗಾಗಿ ಕಾಯುತ್ತ ಕೂರಬೇಡ.

ನನಗೆ ಸಿಕ್ಕಿದ್ದು ಬೇರೆ ಥರದ್ದು. ಒಂದು ಸೇತುವೆ ಕೆಲಸದಲ್ಲಿ ಹಲಗೆ ಬಿಚ್ಚಿದ ದಿನ ಹಿರಿಯ ಎಂಜಿನಿಯರ್ ಒಬ್ಬರು ಕಂಬದ ಮೇಲೆ ಅಂಗೈ ಆಡಿಸಿ ‘ಇದು ಯಾರ ಕೆಲಸ?’ ಎಂದರು. ಬೈಗುಳ ಬಂತೆಂದು ಎಲ್ಲರೂ ತಲೆ ತಗ್ಗಿಸಿದೆವು. ‘ಎಲ್ಲೂ ಪೊಳ್ಳಿಲ್ಲ, ಅಂಚು ನೇರವಾಗಿದೆ. ಮುಂದಿನ ಕಂಬಕ್ಕೂ ಇದೇ ತಂಡ ಇರಲಿ’ ಎಂದು ಹೇಳಿ ಜೀಪು ಹತ್ತಿದರು. ಅಷ್ಟೇ. ಮರುದಿನದಿಂದ ಹಲಗೆಗೆ ಎಣ್ಣೆ ಬಳಿಯುವ ಹುಡುಗ ಕೂಡ ಮೂಲೆ ಮೂಲೆಗೆ ಬಳಿಯತೊಡಗಿದ. ಕೆಲಸ ಬಲ್ಲವರು ಆಡಿದ ಮಾತಿಗೆ ಆ ಬಲವಿದೆ. ಫೋಟೊಗೆಂದು ಬಂದವರಿಗೆ ಕಬ್ಬಿಣಕ್ಕೂ ಹಲಗೆಗೂ ನಡುವೆ ಕವರ್ ಬ್ಲಾಕ್ ಎಂಬ ಸಣ್ಣ ತುಂಡು ಯಾಕೆ ಇಡುತ್ತಾರೆ ಎಂದೇ ತಿಳಿದಿರುವುದಿಲ್ಲ. ಅವರು ಹೊಗಳಿದರೆ ನಿನಗೇನಾಗಬೇಕು?

ದಾವಣಗೆರೆ, ರೈಲ್ವೆ ಕೆಳಸೇತುವೆ ಕೆಲಸದಲ್ಲಿರುವ ಮಹಿಳೆ:

ಅಣ್ಣಾ, ನಿಮ್ಮನ್ನು ಪಕ್ಕಕ್ಕೆ ಸರಿಸಿದ್ದು ಒಂದು ದಿನ. ಹಿಂದೆ ನಾನಿದ್ದ ಕಡೆಯಲ್ಲೆಲ್ಲ ಜೋಡಿ ಕೂಲಿ. ಗಂಡ ಹೆಂಡತಿಗೆ ಸೇರಿ ಒಂದೇ ಹೆಸರು, ವಾರದ ಬಟವಾಡೆ ನಮ್ಮ ಯಜಮಾನರ ಕೈಗೆ. ನಾನು ಹೊತ್ತ ಬಾಂಡಲಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಈಗ ಹಾಜರಿಯಲ್ಲಿ ನನ್ನ ಹೆಸರು ಬೇರೆ, ಹಣ ನನ್ನ ಖಾತೆಗೆ. ಬ್ಯಾಂಕಿನ ಮೊದಲ ಸಂದೇಶ ಬಂದಾಗ ಓದು ಬಾರದ ಅತ್ತೆಗೂ ಮೊಬೈಲ್ ಹಿಡಿದು ತೋರಿಸಿದೆ. ಹೆಂಗಸರಿಗೆ ಬೇರೆ ಶೌಚಾಲಯ, ಮಗುವನ್ನು ಮಲಗಿಸಲು ನೆರಳು, ಇವೂ ಇಲ್ಲಿವೆ. ಇವು ಹಕ್ಕು, ಹೊಗಳಿಕೆಯಲ್ಲ ಎಂದು ಯಾರಾದರೂ ಹೇಳಬಹುದು. ಇರಲಿ. ನನ್ನನ್ನು ಲೆಕ್ಕಕ್ಕೆ ಹಿಡಿದರಲ್ಲ, ನನಗೆ ಅದೇ ದೊಡ್ಡದು.

ಚಿತ್ರದುರ್ಗ, ಕಿರಿಯ ಎಂಜಿನಿಯರ್:

ತಪ್ಪು ನಮ್ಮ ಕಡೆಯದೂ ಇದೆ. ಕಾಂಕ್ರೀಟ್ ಸುರಿಯುವಾಗ 150 ಮಿ.ಮೀ. ಅಚ್ಚಿನಲ್ಲಿ ಘನಗಳನ್ನು ತುಂಬಿ, 7 ಮತ್ತು 28 ದಿನಕ್ಕೆ ಒಡೆದು ಬಲ ನೋಡುತ್ತೇವೆ. ಫಲಿತಾಂಶ ಕಡತಕ್ಕೆ ಹೋಗುತ್ತದೆ. ಮಿಶ್ರಣ ಮಾಡಿದವರಿಗೆ, ವೈಬ್ರೇಟರ್ ಹಿಡಿದವರಿಗೆ ಅದು ತಿಳಿಯುವುದು ಘನ ಪರೀಕ್ಷೆಯಲ್ಲಿ ಫೇಲಾದಾಗ ಮಾತ್ರ. ಈಚೆಗೆ ನಾನು ಚಹಾ ಹೊತ್ತಿನಲ್ಲಿ ತಂಡಕ್ಕೆ ಸಂಖ್ಯೆಗಳನ್ನು ಓದಿ ಹೇಳುತ್ತೇನೆ. ಮೊದಮೊದಲು ನಕ್ಕರು. ಈಗ ‘ಸಾರ್, ಆ ಸೋಮವಾರದ್ದು ಏನಾಯಿತು?’ ಎಂದು ಅವರೇ ಕೇಳುತ್ತಾರೆ.

ಕಬ್ಬಿಣದವರ ಸಂಕಟ ಇನ್ನೊಂದು. ಕಾಂಕ್ರೀಟ್ ಬಿದ್ದ ಮೇಲೆ ನೀವು ಕಟ್ಟಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ತಪಾಸಣೆ ಮುಗಿದ ಕೂಡಲೇ, ಸುರಿಯುವ ಮುನ್ನ, ಅನುಮತಿ ಕೇಳಿ ಒಂದು ಫೋಟೊ ತೆಗೆದಿಡಿ. ಯಾವ ಕಿ.ಮೀ., ಯಾವ ತಾರೀಖು ಎಂದು ಬರೆದುಕೊಳ್ಳಿ. ಮುಂದಿನ ಕೆಲಸ ಕೇಳಲು ಹೋದಾಗ ತೋರಿಸಬಹುದು. ಮಾವನವರಿಗೂ ತೋರಿಸಿ.

ಜಗಳೂರು, ಗಾರೆ ಕೆಲಸ:

ಮೇಸ್ತ್ರಿಯವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಶಾಲು ಹಾರ ಎಂದರೆ ಬರೀ ತೋರಿಕೆಯೇ? 2021ರ ಡಿಸೆಂಬರ್‌ನಲ್ಲಿ ಕಾಶಿ ವಿಶ್ವನಾಥ ಧಾಮದ ಉದ್ಘಾಟನೆಯಂದು ಪ್ರಧಾನಿ ಕಾರ್ಮಿಕರ ಮೇಲೆ ಹೂ ಸುರಿದರು, 2023ರ ಮೇ 28ರಂದು ಹೊಸ ಸಂಸತ್ ಭವನದಲ್ಲಿ ಕೆಲಸದವರನ್ನು ಸನ್ಮಾನಿಸಿದರು. ರಾಜಕೀಯ ಬೇಕಾದವರು ಮಾಡಿಕೊಳ್ಳಲಿ. ಅದನ್ನು ಟಿವಿಯಲ್ಲಿ ನೋಡಿದ ಸಂಜೆ ನಮ್ಮ ತಾಯಿ ‘ನೀನೂ ಇಂಥದ್ದೇ ಕೆಲಸ ಮಾಡುವುದು, ಅಲ್ಲವೇ?’ ಎಂದು ಕೇಳಿದರು. ಕಂಬ ನೇರವಿದೆ ಎಂದು ಎಂಜಿನಿಯರ್ ಹೇಳಿದ್ದು ಮನೆಯವರಿಗೆ ತಲುಪುವುದಿಲ್ಲ. ಊರ ಮುಂದೆ ಕರೆದು ಕೂರಿಸಿದರೆ ತಲುಪುತ್ತದೆ. ನೀರು ಹರಿಸುವ ದಿನ ವೇದಿಕೆಯ ಕೆಳಗಾದರೂ ಕೆಲಸಗಾರರಿಗೆ ನಾಲ್ಕು ಸಾಲು ಕುರ್ಚಿ ಹಾಕಿಸಿ ಎಂದು ಈಗಿನಿಂದಲೇ ಕೇಳಿ. ಕೇಳದೆ ಯಾರೂ ಹಾಕುವುದಿಲ್ಲ.

ಚಳ್ಳಕೆರೆ, ಬಣ್ಣದ ಕೆಲಸ:

ಎಲ್ಲರೂ ಮರೆತದ್ದೊಂದಿದೆ. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿದ್ದೀರಾ? ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಸಾಕು. ಕಾಲುವೆ ಕೆಲಸವೂ ಇದರಲ್ಲಿ ಬರುತ್ತದೆ. ಇಂಥ ಕಾಮಗಾರಿಗಳ ವೆಚ್ಚದ ಶೇ 1ರಷ್ಟು ಸೆಸ್ ಆ ಮಂಡಳಿಗೆ ಸೇರುತ್ತದೆ, ಅಂದರೆ ನಿಮ್ಮ ಬೆವರಿನ ಪಾಲು ಅಲ್ಲಿದೆ. ಮಕ್ಕಳ ಓದು, ಮದುವೆ, ಅಪಘಾತ, 60 ದಾಟಿದ ಮೇಲಿನ ಪಿಂಚಣಿ, ಎಲ್ಲಕ್ಕೂ ಆ ಕಾರ್ಡೇ ಆಧಾರ. ‘ಕಾಯಂ ಕೆಲಸ’ ಕೇಳುವ ಮಾವನ ಮುಂದೆ ಇಡಲು ಇದು ಒಳ್ಳೆಯ ಉತ್ತರ. 90 ದಿನದ ಪ್ರಮಾಣಪತ್ರವನ್ನು ನಿಮ್ಮ ಗುತ್ತಿಗೆದಾರರಿಂದ ಈಗಲೇ ಬರೆಸಿಕೊಳ್ಳಿ. ಅವರ ಪಾಲಿನ ಕೆಲಸ ಮುಗಿದು ಶೆಡ್ ಕಿತ್ತ ಮೇಲೆ ಸಹಿಗಾಗಿ ಅವರನ್ನು ಎಲ್ಲಿ ಹುಡುಕುತ್ತೀರಿ?